ಹತ್ತು ಸಲದ ಹೋಲಿಕೆ

ಪರದೆಗಳಿಗೆ ಹದಿನಾಲ್ಕು ಸಾವಿರ, ಹೂಕುಂಡಗಳಿಗೆ ಆರು, ಐದು ದೇಶಗಳ ಬಾವುಟ ನಿಲ್ಲಿಸಲು ತರಿಸಿದ ಹಿತ್ತಾಳೆಯ ಗಿಡ್ಡ ಕಂಬಗಳಿಗೆ ಒಂಬತ್ತು ಸಾವಿರದ ಇನ್ನೂರು, ಮಹಡಿ ಮೆಟ್ಟಿಲಿನ ಬಣ್ಣಕ್ಕೆ ಹನ್ನೊಂದು, ಅತಿಥಿಗಳು ಕೂರುವ ಕುರ್ಚಿಗಳ ಹೊಸ ಹೊದಿಕೆಗೆ ಮತ್ತೆ ಏಳು. ಇಷ್ಟೂ ಒಂದೇ ವಾರದಲ್ಲಿ ಮಂಜೂರಾಗಿ, ಸಾಮಾನು ಬಂದು, ಜೋಡಿಸಿಯೂ ಆಗಿತ್ತು. ಒದ್ದೆ ಥರ್ಮಾಮೀಟರಿನ ಬುಡಕ್ಕೆ ಸುತ್ತುವ ತೆಳ್ಳನೆಯ ಬಟ್ಟೆ ಎರಡು ಮೊಳ ಬೇಕೆಂದು ಹವಾಮಾನ ಕಚೇರಿಯ ಉಪಕರಣಗಳ ಕೋಣೆಯಿಂದ ಅವನು ಬರೆದ ಅರ್ಜಿ ಮಾತ್ರ ಎರಡು ವರ್ಷದಿಂದ ಮೂರು ಮೇಜುಗಳ ನಡುವೆ ಓಡಾಡುತ್ತಿತ್ತು. ಅಲ್ಲಿಯವರೆಗೆ ಗಾಳಿಯ ತೇವ ಅಳೆಯದೆ ಬಿಡುವಂತಿಲ್ಲವಲ್ಲ, ಅವನು ಮನೆಯ ಹಳೆಯ ದಿಂಬಿನ ಗವಸು ಕತ್ತರಿಸಿ ತರುತ್ತಿದ್ದ. ನಾಲ್ಕನೆಯ ಗವಸು ಮುಗಿಯುವ ಹೊತ್ತಿಗೆ ಹೆಂಡತಿ, "ನಿಮ್ಮ ಇಲಾಖೆ ನಿಂತಿರೋದೇ ನನ್ನ ದಿಂಬಿನ ಮೇಲೆ" ಎಂದಿದ್ದಳು. ಇವತ್ತು ಬೆಳಿಗ್ಗೆ ಅವನ ಅಂಗಿಗೆ ಇಸ್ತ್ರಿ ಹಾಕುತ್ತ ಅವಳು ನಗಲಿಲ್ಲ. ಕಾಲರಿನ ತುದಿಯನ್ನು ಎರಡೆರಡು ಸಲ ಒತ್ತಿದಳು. "ಆ ಮನುಷ್ಯ ಬರ್ತಾರಲ್ಲ, ಅವರ ಮುಂದೆ ಹಲ್ಲು ಕಚ್ಕೊಂಡು ಕೂತಿರಬೇಡಿ. ಆಮೇಲೆ ಬಂದು ದವಡೆ ನೋವು ಅಂತ ನನಗೆ ಹೇಳ್ತೀರಿ." ಬಂದಾಯಿತು, ನಿನ್ನೆಯೇ ಬಂದರು ಎಂದ. "ಮಾತಾಡಿದ್ರಾ?" "ನಮಸ್ಕಾರ ಅಂದ್ರು." "ನೀವೇನಂದ್ರಿ?" "ಬ್ಯಾರೋಮೀಟರ್ ನೇತು ಹಾಕೋ ಕೊಕ್ಕೆ ಎಲ್ಲಿದೆ ಅಂತ ತೋರಿಸ್ದೆ." ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅವನ ಮುಖ ನೋಡಿದಳು. ಆ ಬಿರುಗಾಳಿಯ ನಂತರದ ಒಂಬತ್ತು ವರ್ಷದಲ್ಲಿ ಅವಳಿಗೆ ಆ ಮುಖ ಬಾಯಿಪಾಠವಾಗಿತ್ತು. ಬಸ್ಸಿನಲ್ಲಿ ಕೂತಾಗ, ತರಕಾರಿ ಆರಿಸುವಾಗ, ಮಗಳ ಮದುವೆಯ ಮಾತುಕತೆಯ ನಡುವೆ ಕೂಡ ಅವನು ಎಲ್ಲೋ ನೋಡುತ್ತ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದ. ಐದು ದೇಶದವರು ಕೂತಿರುವ ಒಂದು ಕೋಣೆಯಲ್ಲಿ ಎದ್ದು ನಿಂತು ಆ ಮನುಷ್ಯನಿಗೆ ಹೇಳಬೇಕಾದ ವಾಕ್ಯಗಳವು. ಹೇಳಿ ಹೇಳಿ ಅವು ಎಷ್ಟು ನುಣುಪಾಗಿದ್ದವೆಂದರೆ ಈಗ ಅವಕ್ಕೆ ಯಾರ ಮುಖವೂ ಬೇಕಿರಲಿಲ್ಲ.

ಬೀದಿಯ ತಿರುವಿನಲ್ಲಿ ಹಾಲಿನಂಗಡಿಯಾಕೆ ಖಾಲಿ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಅವನು ಎದುರಿನ ಬದಿಯಿಂದ ಹೋದ. ಹಾಲು ಕೊಳ್ಳುವುದು ಅವಳಲ್ಲೇ, ಆದರೆ ಈಗ ದಿನಾ ಹೋಗುವುದು ಹೆಂಡತಿ. ಬಿರುಗಾಳಿಯ ದಿನ ಅವಳ ಗಂಡ ದೋಣಿಗೆ ಹೊದಿಕೆ ಕಟ್ಟಲು ಮಧ್ಯಾಹ್ನ ಬಂದರಿಗೆ ಹೋಗಿದ್ದ. ಗಾಳಿ ಉತ್ತರಕ್ಕೆ ಹೋಗುತ್ತದೆ, ಇಲ್ಲಿ ಬರೀ ತುಂತುರು ಎಂದು ರೇಡಿಯೋ ಹೇಳಿತ್ತು. ಅವತ್ತು ಪ್ರಾಣ ಕಳೆದುಕೊಂಡ ಮೂವತ್ತೆಂಟು ಮಂದಿಯಲ್ಲಿ ಅವನೂ ಒಬ್ಬ. ತನಿಖೆಯ ವರದಿ ಪತ್ರಿಕೆಯಲ್ಲಿ ಬಂದ ಮರುದಿನ ಅವಳು ಚಿಲ್ಲರೆ ಎಣಿಸಿ ಅವನ ಅಂಗೈಗೆ ಹಾಕುತ್ತ, ದನಿ ಒಂದಿಷ್ಟೂ ಏರಿಸದೆ, "ಅಣ್ಣಾ, ನೀವು ಓದಿದ್ದು ತಪ್ಪಂತೆ, ಹೌದಾ?" ಎಂದು ಕೇಳಿದ್ದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅವಳು ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದಳು. ಅಲ್ಲ, ನಾನು ಓದಿದ್ದು ಸರಿ, ಹೊಳೆಯಾಚೆಯ ಕಚೇರಿಯವರು ಅದನ್ನು ಬಿಟ್ಟುಹಾಕಿದರು ಎಂದರೆ ಯಾರು ನಂಬಬೇಕು? ಐದು ದೇಶಗಳಿಗೂ ಸೇರಿ ಎಚ್ಚರಿಕೆ ಹೊರಡಿಸುವುದು ಹೊಳೆಯಾಚೆಯ ಕಚೇರಿ. ಮೂರು ಗಂಟೆಗೊಮ್ಮೆ ಉಳಿದ ನಾಲ್ಕು ದೇಶದವರು ತಮ್ಮ ತಮ್ಮ ಗಾಳಿಯ ಒತ್ತಡ, ಬಿಸಿ, ತೇವ ಓದಿ ಅಲ್ಲಿಗೆ ಕಳಿಸಬೇಕು. ಆ ಬೆಳಿಗ್ಗೆ ಅವನು ಕಳಿಸಿದ ಒತ್ತಡ, ಅವರು ನಕ್ಷೆಯಲ್ಲಿ ಊಹಿಸಿಕೊಂಡಿದ್ದಕ್ಕಿಂತ ಮೂರು ಮಿಲಿಬಾರ್ ಕಡಿಮೆಯಿತ್ತು. ಅಲ್ಲಿ ಪಾಳಿಯಲ್ಲಿದ್ದವನು ಆ ಅಂಕಿಯ ಸುತ್ತ ಪೆನ್ಸಿಲಿನಲ್ಲಿ ಒಂದು ಸುತ್ತು ಎಳೆದು 'ಸಂಶಯಾಸ್ಪದ' ಎಂದು ಬರೆದು, ಅದನ್ನು ಬಿಟ್ಟು ಉಳಿದ ಅಂಕಿಗಳಿಂದಲೇ ನಕ್ಷೆಯಲ್ಲಿ ಒತ್ತಡದ ಗೆರೆಗಳನ್ನು ಎಳೆದ. ಆ ಅಂಕಿ ಇದ್ದಿದ್ದರೆ ಗೆರೆಗಳು ಈ ಊರಿನ ಕಡೆಗೇ ಬಾಗಿ, ಗಾಳಿ ಇಲ್ಲಿಗೇ ಬರುತ್ತದೆಂದು ತೋರಿಸುತ್ತಿದ್ದವು. ಅವತ್ತು ಪಾಳಿಯಲ್ಲಿದ್ದವನೇ ಇವತ್ತಿನ ಅತಿಥಿ.

ಕಚೇರಿಯ ಮೆಟ್ಟಿಲಿನ ಬಣ್ಣ ಇನ್ನೂ ಅಂಟುತ್ತಿತ್ತು. ನಿರ್ದೇಶಕರು ಬಾಗಿಲಲ್ಲೇ ನಿಂತು ಬಾವುಟಗಳ ಎತ್ತರ ಸಮವಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದವರು ಅವನ ತೋಳು ಹಿಡಿದು ಪಕ್ಕಕ್ಕೆ ಕರೆದರು. "ಒಲೆಯವರೇ, ಒಂದು ಮಾತು. ಹಳೇದೇನೂ ಎತ್ತಬೇಡಿ ಇವತ್ತು. ಜಂಟಿ ಉಪಕರಣ ಕೇಂದ್ರ ನಮ್ಮೂರಿಗೆ ಬಂದ್ರೂ ಬರಬಹುದು. ಅವರು ಓದೋದು ಓದ್ಲಿ, ನೀವು ಓದೋದು ಓದಿ, ಎರಡೂ ಕಾಗದ ಲಕೋಟೆಗೆ ಹಾಕಿ, ಮೂರು ಗಂಟೆಗೆ ಸಭೆಗೆ ತನ್ನಿ. ಅಷ್ಟೇ." ಅವನು ಆಯಿತು ಎಂದ. ಒಲೆ ಎಂಬ ಹೆಸರು ಎಲ್ಲಿಂದ ಬಂತೆಂದು ನಿರ್ದೇಶಕರಿಗೆ ಗೊತ್ತಿಲ್ಲ, ಅವರು ಬಂದು ನಾಲ್ಕೇ ವರ್ಷ, ಪ್ರೀತಿಯಿಂದಲೇ ಕರೆಯುತ್ತಾರೆ. ಹಳಬರಿಗೆ ಗೊತ್ತು. ತನಿಖೆಯ ಸಮಿತಿ ಅವನ ಮೇಲೆ ಹೊರಿಸಿದ್ದು ಹೊಸಬರು ಮಾಡುವ ತಪ್ಪನ್ನು. ಬ್ಯಾರೋಮೀಟರಿನ ಕವಚದಲ್ಲಿ ಒಂದು ಪುಟ್ಟ ಥರ್ಮಾಮೀಟರ್ ಇರುತ್ತದೆ. ಹತ್ತಿರ ಹೋದ ಕೂಡಲೇ ಮೊದಲು ಅದನ್ನು ಓದಬೇಕು, ಆಮೇಲೆ ಉಗುರಿನಿಂದ ಕವಚವನ್ನು ತಟ್ಟಿ ಪಾದರಸದ ಎತ್ತರ ಓದಬೇಕು. ತಡಮಾಡಿದರೆ ಎದುರು ನಿಂತ ಮನುಷ್ಯನ ಮೈಬಿಸಿಗೆ ಥರ್ಮಾಮೀಟರ್ ಏರಿಬಿಡುತ್ತದೆ, ಒಳಗಿನ ಪಾದರಸ ಅಷ್ಟು ಬೇಗ ಬಿಸಿಯಾಗುವುದಿಲ್ಲ. ಬಿಸಿಗೆ ತಕ್ಕಂತೆ ಅಂಕಿಯನ್ನು ಕಳೆಯುವಾಗ ಬೇಕಾದ್ದಕ್ಕಿಂತ ಹೆಚ್ಚು ಕಳೆದುಹೋಗಿ ಒತ್ತಡ ಕಡಿಮೆ ಬರುತ್ತದೆ. ತರಬೇತಿಗೆ ಬಂದ ಹುಡುಗಿಯರಿಗೆ, ಹುಡುಗರಿಗೆ ಮೊದಲ ದಿನ ಮೊದಲ ಗಂಟೆಯಲ್ಲಿ ಅವನೇ ಹದಿನೇಳು ವರ್ಷ ಕಲಿಸಿದ್ದ ಪಾಠ ಅದು. ಸಮಿತಿಯವರು, ಓದುವವನು ಕ್ರಮ ತಪ್ಪಿರಬೇಕು ಎಂದರು. ಅವನು ಎದ್ದು ನಿಂತು, ಸ್ವಾಮಿ, ಮೈಬಿಸಿಯಿಂದ ಒಂದು ಡಿಗ್ರಿ, ಹೆಚ್ಚೆಂದರೆ ಎರಡು ಡಿಗ್ರಿ ಏರೀತು, ಅದರಿಂದ ಮಿಲಿಬಾರಿನ ಹತ್ತರಲ್ಲಿ ಮೂರು ಪಾಲು ವ್ಯತ್ಯಾಸ ಬಂದೀತು. ಮೂರು ಮಿಲಿಬಾರ್ ಬರಬೇಕಾದರೆ ಹದಿನೆಂಟು ಡಿಗ್ರಿ ಏರಬೇಕು, ನಾನೇನು ಒಲೆಯೇ, ಎಂದ. ಎಲ್ಲರೂ ನಕ್ಕರು. ಗೆದ್ದೆ ಎಂದುಕೊಂಡ. ನಕ್ಕು ಮುಗಿಸಿ ಅವರು ಬರೆಯಬೇಕೆಂದಿದ್ದನ್ನೇ ಬರೆದುಕೊಂಡರು: 'ವೀಕ್ಷಕನ ಕ್ರಮದೋಷ ಅಥವಾ ಉಪಕರಣದ ದೋಷ'. ನೆರೆದೇಶದ ಜೊತೆ ಸ್ನೇಹ ಕೆಡುವುದು ಬೇಡವಾಗಿತ್ತು. ಅವನ ಬಡ್ತಿ ನಿಂತಿತು, ಮುನ್ಸೂಚನೆಯ ಮೇಜು ಹೋಯಿತು, ಉಪಕರಣಗಳ ಕೋಣೆ ಸಿಕ್ಕಿತು. ಅವನ ವಾದದಲ್ಲಿ ಇಲಾಖೆ ಉಳಿಸಿಕೊಂಡದ್ದು ಒಲೆ ಎಂಬ ಒಂದು ಮಾತನ್ನು.

ಬ್ಯಾರೋಮೀಟರ್ ಕೋಣೆಗೆ ಕಿಟಕಿಯಿಲ್ಲ, ಗಾಳಿ ಆಡಬಾರದೆಂದು ಬಾಗಿಲೂ ಎರಡು. ಒಳಗಿನ ಗೋಡೆಯ ಮೇಲೆ ಅವನ ಬ್ಯಾರೋಮೀಟರ್, ಮೂವತ್ತೊಂದು ವರ್ಷದಿಂದ ಅದೇ ಮೊಳೆಗೆ. ಒಂದು ಮಾರು ದೂರದಲ್ಲಿ ನಿನ್ನೆ ಸಂಜೆ ನೇತು ಹಾಕಿದ ಸಂಚಾರಿ ಬ್ಯಾರೋಮೀಟರ್. ಐದು ದೇಶಗಳ ಮಾಪಕಗಳು ಒಂದೇ ಮಾತು ಆಡುತ್ತಿವೆಯೇ ಎಂದು ಹತ್ತು ವರ್ಷಕ್ಕೊಮ್ಮೆ ಊರೂರು ಸುತ್ತುವ ಒಂದು ಮಾಪಕ. ಅದನ್ನು ಸಾಮಾನಿನ ಜೊತೆ ಹಾಕುವಂತಿಲ್ಲ, ಮಲಗಿಸುವಂತಿಲ್ಲ. ತಲೆಕೆಳಗು ಮಾಡಿ ಚರ್ಮದ ಚೀಲದಲ್ಲಿ ಹೆಗಲಿಗೆ ಹಾಕಿಕೊಂಡು, ರೈಲಿನಲ್ಲಿ ತೊಡೆಯ ನಡುವೆ ನಿಲ್ಲಿಸಿಕೊಂಡು ಒಬ್ಬ ಮನುಷ್ಯ ಹೊತ್ತು ತರಬೇಕು. "ಗಡಿಯಲ್ಲಿ ಇದನ್ನ ಬಂದೂಕು ಅಂದ್ಕೊಂಡ್ರು" ಎಂದು ಅತಿಥಿ ನಕ್ಕ. "ಬಿಚ್ಚಿ ತೋರಿಸ್ದೆ. ಗಾಳಿ ತೂಕ ಮಾಡೋದು ಅಂದೆ. ಗಾಳಿ ತೂಕ ಮಾಡಿ ಯಾರಿಗೆ ಮಾರ್ತೀರಿ ಅಂದ್ರು." ಅವನು ನಗಲಿಲ್ಲ. ಒಂಬತ್ತು ವರ್ಷ ತಾನು ದ್ವೇಷಿಸಿದ ಮನುಷ್ಯನಿಗೆ ಇಷ್ಟೊಂದು ಬಿಳಿ ಕೂದಲು ಇರಲಿಲ್ಲ, ಕುತ್ತಿಗೆಯ ಬಳಿ ಅಂಗಿ ಇಷ್ಟು ಸಡಿಲವಿರಲಿಲ್ಲ. ಇದು ಮೋಸ ಎನ್ನಿಸಿತು. ದಪ್ಪ ಕತ್ತಿನ, ಗಟ್ಟಿ ದನಿಯ ಆ ಹಳೆಯ ಮನುಷ್ಯನನ್ನೇ ಕಳಿಸಬೇಕಿತ್ತು. ಸಾಧಾರಣವಾಗಿ ತನ್ನ ಜೊತೆ ಸಹಾಯಕಿ ಇರುತ್ತಾಳೆ, ಮೂರನೆಯ ದೇಶದಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದಳು, ಹಾಗಾಗಿ ಒಬ್ಬನೇ ಬರಬೇಕಾಯಿತು ಎಂದ ಅತಿಥಿ. ಕಾಗದದ ಹಲಗೆ ಹಿಡಿದುಕೊಂಡ. ಗಡಿಯಾರ ನೋಡಿದರು. ಒಂಬತ್ತೂವರೆಗೆ ಸರಿಯಾಗಿ ಅವನು ತನ್ನ ಮಾಪಕಕ್ಕೆ ಬಾಗಿ ಥರ್ಮಾಮೀಟರ್ ಓದಿ, ತಟ್ಟಿ, ಪಾದರಸದ ಉಬ್ಬಿಗೆ ಅಳತೆಪಟ್ಟಿಯ ಅಂಚು ತಾಗಿಸಿ, ಓದಿ, ಬರೆದು ತಿರುಗಿದ. ಅತಿಥಿ ಇನ್ನೂ ಪಾದರಸದ ಎದುರೇ ಇದ್ದ. ಮುಖ ಗಾಜಿಗೆ ಒಂದು ಗೇಣು ದೂರ. ಒಂದು ಕಣ್ಣು ಕಿರಿದು ಮಾಡಿ, ತಿರುಪನ್ನು ಹಿಂದೆ ಮುಂದೆ ತಿರುಗಿಸುತ್ತ, ಉಸಿರು ಬಿಡುತ್ತ ಎರಡು ನಿಮಿಷ ನಿಂತು, ಅಂಕಿ ಬರೆದುಕೊಂಡ. ಆಮೇಲೆ ಕತ್ತು ಬಗ್ಗಿಸಿ ಥರ್ಮಾಮೀಟರ್ ಓದಿದ.

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಎರಡನೆಯ ಸಲಕ್ಕೆ ಹದಿನೈದು ನಿಮಿಷ ಕಾಯಬೇಕು, ಮಾಪಕಗಳ ಹತ್ತಿರ ನಿಲ್ಲಬಾರದೆಂದು ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಅತಿಥಿ ಏನೋ ಹೇಳುತ್ತಿದ್ದ, ಕಣ್ಣಿನ ಪೊರೆ ತೆಗೆಸಲು ಮುಂದಿನ ತಿಂಗಳು ದಿನ ಗೊತ್ತಾಗಿದೆ ಎಂದು. ಅವನು ಹೂಂಗುಡುತ್ತ ಗೋಡೆಯ ಸುಣ್ಣದಲ್ಲಿ ಎದ್ದ ಒಂದು ಬಿರುಕನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಿದ್ದ. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಅವನು ತನ್ನದನ್ನು ಬೇಗ ಮುಗಿಸಿ ಅತಿಥಿಯ ಕೈಗಳನ್ನೇ ನೋಡಿದ. ಆಗ ತಿಳಿಯಿತು. ಇಪ್ಪತ್ತು ವರ್ಷ ಸಹಾಯಕಿ ಮುಂದೆ ನಿಂತು ಥರ್ಮಾಮೀಟರ್ ಓದಿ ಕೂಗಿ ಹೇಳಿದ್ದಾಳೆ, ಆಕೆ ಸರಿದ ಮೇಲೆ ಈತ ಪಾದರಸಕ್ಕೆ ಕಣ್ಣು ಇಟ್ಟಿದ್ದಾನೆ. ಮೊದಲ ಹೆಜ್ಜೆ ಈತನ ಕೈಗೆ ಎಂದೂ ಸೇರಿದ್ದೇ ಅಲ್ಲ. ಆಕೆ ಇಲ್ಲದ ಇವತ್ತು ಕೈ ತನಗೆ ಗೊತ್ತಿರುವ ಕಡೆಯಿಂದ ಶುರುಮಾಡುತ್ತದೆ, ಬಿಟ್ಟುಹೋದದ್ದನ್ನು ಕೊನೆಯಲ್ಲಿ ನೆನೆಸಿಕೊಂಡು ತುಂಬುತ್ತದೆ. ಪಾಠ ಮರೆತವನಲ್ಲ, ಕೇಳಿದರೆ ಪುಸ್ತಕದ ಪುಟ ಸಮೇತ ಹೇಳಿಯಾನು. ಮಂದಗಣ್ಣಿಗೆ ಎರಡು ನಿಮಿಷ ಬೇಕು, ಆ ಎರಡು ನಿಮಿಷದಲ್ಲಿ ಮೈಬಿಸಿ ಎರಡು ಡಿಗ್ರಿ ಏರುತ್ತದೆ, ಸಂಚಾರಿ ಮಾಪಕದ ಅಂಕಿ ಮಿಲಿಬಾರಿನ ಹತ್ತರಲ್ಲಿ ಮೂರು ಪಾಲು ಇಳಿಯುತ್ತದೆ. ಹೋಲಿಕೆಯಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅದು ಬಿದ್ದುಹೋದಂತೆ. ಅವನ ಮೇಲೆ ಸುಳ್ಳಾಗಿ ಹೊರಿಸಿದ್ದ ತಪ್ಪನ್ನು ಈ ಮನುಷ್ಯ ಅವನ ಕಣ್ಣೆದುರು, ಅವನ ಕೋಣೆಯಲ್ಲಿ, ಅವನ ಗಡಿಯಾರ ನೋಡಿಕೊಂಡು ನಿಜವಾಗಿ ಮಾಡುತ್ತಿದ್ದ. ಹಬೆಯಾಡುವ ಅನ್ನದ ತಟ್ಟೆ ಮುಂದೆ ಬಂದಾಗ ಹಸಿದವನಿಗೆ ಆಗುವ ಹಾಗೆ ಅವನಿಗೆ ಆಯಿತು. ಹೇಳಲೂಬಾರದು, ಮುಟ್ಟಲೂಬಾರದು, ಸುಮ್ಮನೆ ಹತ್ತನೆಯ ಸಲದವರೆಗೆ ಕಾದು, ಮೂರು ಗಂಟೆಗೆ ಎದ್ದು ನಿಲ್ಲಬೇಕು. ಸುಳ್ಳು ಹೇಳುವ ಅಗತ್ಯವೂ ಇಲ್ಲ. ಇಷ್ಟು ಶುದ್ಧವಾದ ಸೇಡು ಯಾರಿಗೆ ಸಿಗುತ್ತದೆ?

ಐದು ಸಲ ಮುಗಿದಾಗ ಚಹಾ ಬಂತು. ಅತಿಥಿ ಬೆಂಚಿನ ತುದಿಯಲ್ಲಿ ಕೂತು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಡಿಯದೆ ಇದ್ದ. ಆಮೇಲೆ, "ಈ ಸಲ ನಾನೇ ಬರ್ತೀನಿ ಅಂತ ಕೇಳಿಕೊಂಡು ಬಂದೆ. ನಿಮಗೆ ಗೊತ್ತಾಗಿರಬೇಕು" ಎಂದ.

"ಇಲ್ಲ."

"ನಿಮ್ಮ ಅಂಕಿಗೆ ಸುತ್ತು ಹಾಕಿದ್ದು ನಾನು."

"ಅದು ಗೊತ್ತು."

"ನಿಮ್ಮ ಅಂಕಿ ಸರಿಯಿತ್ತು. ಆಮೇಲೆ ಹಡಗುಗಳ ದಾಖಲೆ ಎಲ್ಲಾ ತರಿಸಿ ನಕ್ಷೆ ಮತ್ತೆ ಬರೆದು ನೋಡ್ದೆ. ಮೂರಲ್ಲ, ಮೂರೂವರೆ ಕಡಿಮೆ ಇರಬೇಕಿತ್ತು. ನೀವೇ ಸ್ವಲ್ಪ ಧಾರಾಳವಾಗಿ ಓದಿದ್ರಿ." ಅತಿಥಿ ನಗಲು ನೋಡಿ ಬಿಟ್ಟ. "ಸಮಿತಿ ವರದಿ ತಿದ್ದೋಕೆ ನಮ್ಮಲ್ಲಿ ಒಂದೇ ದಾರಿ. ಆವತ್ತಿಂದ ಈ ಮಾಪಕ ಜಾಗ ಬಿಟ್ಟಿಲ್ಲ. ಸಂಚಾರಿ ಜೊತೆ ಹೋಲಿಸಿ ಸರಿ ಬಂತು ಅಂದ್ರೆ, ಉಪಕರಣ ನಿರ್ದೋಷ, ಹಿಂದಿನ ಷರಾ ಕೈಬಿಡಲಾಗಿದೆ ಅಂತ ಒಂದು ಸಾಲು ಸೇರಿಸಬಹುದು. ಬರೆದೇ ತಂದಿದ್ದೀನಿ. ಮೂರು ಗಂಟೆಗೆ ನಾನೇ ಮಂಡಿಸ್ತೀನಿ. ಸಂಜೆ ಐದಕ್ಕೆ ರೈಲು, ನಾಳೆಗೆ ಮಾಪಕ ನಿಮ್ಮ ದೇಶದಲ್ಲಿರೋ ಪರವಾನಗಿ ಮುಗಿಯತ್ತೆ. ಇವತ್ತೇ ಆಗಬೇಕು."

ಅವನು ಲೋಟ ಕೆಳಗಿಟ್ಟ. ಹತ್ತರಲ್ಲಿ ಐದು ಸಲ ಸರಿ ಬಂದರೂ ಸಾಕು ಎಂದು ನಿಯಮದಲ್ಲಿತ್ತು. ಇನ್ನೂ ಐದು ಬಾಕಿ ಇದ್ದವು. ಬಾಯಿ ತೆರೆದು, ಸಾರ್, ಮೊದಲು ಥರ್ಮಾಮೀಟರ್ ಎಂದರೆ ಮುಗಿಯಿತು. ಇನ್ನೊಂದೂವರೆ ಗಂಟೆಯಲ್ಲಿ ವರದಿಯ ಆ ಸಾಲು ಸತ್ತಂತೆ. ನಾಳೆ ಬೆಳಿಗ್ಗೆ ತಾನೇ ಹಾಲು ತರಲು ಹೋಗಬಹುದು. ಅಷ್ಟು ಹತ್ತಿರವಿತ್ತು ಅದು, ಅವನು ಕೈ ಚಾಚಿದ್ದರೆ ಸಿಗುತ್ತಿತ್ತು. ಆದರೆ 'ಉಪಕರಣ ನಿರ್ದೋಷ' ಎಂಬ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಸಿಕ್ಕಿಕೊಂಡಿತು. ಉಪಕರಣವಂತೆ. ಬಡ್ತಿ ನಿಂತದ್ದು ಉಪಕರಣಕ್ಕಲ್ಲ. ಮಗಳ ಬೀಗರು, ಪತ್ರಿಕೆಯಲ್ಲಿ ಬಂದಿತ್ತಲ್ಲ ಅದು ನೀವೇನಾ ಎಂದು ಉಪಕರಣವನ್ನು ಕೇಳಲಿಲ್ಲ. ಹೆಂಡತಿಯ ತಮ್ಮ ಊಟಕ್ಕೆ ಕೂತಾಗಲೆಲ್ಲ, ಭಾವ, ಇವತ್ತು ಮಳೆ ಬರತ್ತಾ, ನೀವು ಇಲ್ಲ ಅಂದ್ರೆ ಕೊಡೆ ತಗೊಂಡು ಹೋಗ್ತೀನಿ ಎಂದು ತಮಾಷೆ ಮಾಡುವುದು ಗೋಡೆಗೆ ನೇತುಹಾಕಿದ ಮಾಪಕವನ್ನಲ್ಲ. ಸುತ್ತು ಎಳೆದ ಕೈ ಯಾರದೆಂದು ಆ ಸಾಲಿನಲ್ಲಿ ಎಲ್ಲೂ ಬರುವುದಿಲ್ಲ. ಷರಾ ತಾನಾಗಿ ಬಿದ್ದಿತ್ತು, ತಾನಾಗಿ ಬಿಟ್ಟುಹೋಯಿತು, ನಡುವೆ ಮೂವತ್ತೆಂಟು ಮಂದಿ ತಾವಾಗಿ ಮುಳುಗಿದರು. ಅದಕ್ಕಿಂತ ಹೆಚ್ಚಾಗಿ ಅವನನ್ನು ಕೆರಳಿಸಿದ್ದು, ಒಂಬತ್ತು ವರ್ಷ ತಾನು ಊಟ ಹಾಕಿ ಸಾಕಿದ ಸಿಟ್ಟನ್ನು ಈತ ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ತನ್ನಿಂದ ಕಿತ್ತುಕೊಂಡು ಹೋಗಲು ಬಂದಿದ್ದಾನೆ ಎಂಬುದು. ಒಳ್ಳೆಯವನಾಗಲು ಈತನಿಗೆ ಈ ಹೊತ್ತೇ ಬೇಕಾಗಿತ್ತೇ? ಇನ್ನೊಂದು ಸಣ್ಣ ವಿಷಯವೂ ಇತ್ತು, ಅದನ್ನು ಅವನು ಬೇಗ ದಾಟಿಹೋಗಲು ನೋಡಿದ: ಈಗ ಹೇಳಿದರೆ, ಐದು ಸಲವೂ ನೋಡಿ ಸುಮ್ಮನಿದ್ದೆನೆಂದು ಒಪ್ಪಿದಂತೆ. ಎಷ್ಟು ಹೊತ್ತಿನಿಂದ ಗಮನಿಸಿದಿರಿ ಎಂದು ಈತ ಆ ಮಂದ ಕಣ್ಣೆತ್ತಿ ಕೇಳುತ್ತಾನೆ.

"ಹೊತ್ತಾಯ್ತು" ಎಂದು ಅವನು ಎದ್ದ.

ಆರನೆಯ ಸಲ ಅತಿಥಿ ಮೊದಲು ಪಾದರಸ ಓದಿದ. ಏಳನೆಯ ಸಲವೂ. ಎಂಟನೆಯದಕ್ಕೆ ಮುಂಚೆ, ಅಂಚು ಸರಿಯಾಗಿ ಕಾಣುತ್ತಿಲ್ಲ, ಸ್ವಲ್ಪ ಬೆಳಕು ಹಿಡಿಯುತ್ತೀರಾ ಎಂದು ಕೇಳಿದ. ಅವನು ಪುಟ್ಟ ಬ್ಯಾಟರಿ ದೀಪವನ್ನು ಹಿಂದಿನಿಂದ, ಹಾಲುಗಾಜಿನ ಮೇಲೆ ಸಮನಾಗಿ ಬೀಳುವಂತೆ ಹಿಡಿದ. ಹದಿನೇಳು ವರ್ಷ ಕಲಿಸಿದ ಕೈ, ತಪ್ಪಾಗಿ ಹಿಡಿಯಲು ಅದಕ್ಕೆ ಬರುತ್ತಲೇ ಇರಲಿಲ್ಲ. ಅತಿಥಿಯ ಕುತ್ತಿಗೆಯ ಮೇಲೆ ಬೆವರಿನ ಹನಿ, ಕಿವಿಯ ಹಿಂದೆ ಕ್ಷೌರದ ಕತ್ತಿಯಿಂದ ತಪ್ಪಿಸಿಕೊಂಡ ನಾಲ್ಕು ಕೂದಲು. ಇಷ್ಟು ಹತ್ತಿರದಿಂದ ಒಬ್ಬ ಮನುಷ್ಯನನ್ನು ನೋಡಿದರೆ ಅವನ ಮನೆಯಲ್ಲಿ ಕನ್ನಡಿ ಎಲ್ಲಿದೆ ಎಂಬುದೂ ತಿಳಿದುಬಿಡುತ್ತದೆ. ಹೇಳು, ಈಗ ಹೇಳು, ಇನ್ನೂ ಮೂರಿವೆ, ಮೂರು ಸರಿಯಾದರೆ ಸಮಿತಿಯನ್ನು ಬೇಡಿಕೊಳ್ಳಬಹುದು ಎಂದು ಒಳಗಿನಿಂದ ಯಾರೋ ಹೇಳಿದರು. ಅದು ಹೆಂಡತಿಯ ದನಿಯಂತಿತ್ತು. ಅವನು ಹಲ್ಲು ಕಚ್ಚಿದ. "ಸಾಕು, ಕಾಣ್ತು" ಎಂದು ಅತಿಥಿ ಅಂಕಿ ಬರೆದು, ಕತ್ತು ಬಗ್ಗಿಸಿ ಥರ್ಮಾಮೀಟರ್ ಓದಿ, "ಥ್ಯಾಂಕ್ಸ್" ಎಂದ. ಒಂಬತ್ತು. ಹತ್ತು. ಇಬ್ಬರೂ ಕಾಗದ ಮಡಚಿ ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿದರು. ಅವನ ಸಹಿ ಯಾವತ್ತಿಗಿಂತ ಚೆನ್ನಾಗಿ ಬಂತು.

ಮೂರು ಗಂಟೆಗೆ ಹೊಸ ಪರದೆಗಳ ಕೋಣೆಯಲ್ಲಿ ಅಧ್ಯಕ್ಷಿಣಿ ಲಕೋಟೆಗಳನ್ನು ಕತ್ತರಿಯಿಂದ ಬಿಡಿಸಿದಳು. ಅವಳು ಐದನೆಯ ದೇಶದ ಹಿರಿಯ ಅಧಿಕಾರಿ, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮರೆತು ಮೇಜಿನ ಮೇಲೆ ಹುಡುಕುವ ಹೆಂಗಸು. ಗುಮಾಸ್ತ ಅಂಕಿಗಳನ್ನು ಕಳೆದು ಹೇಳುತ್ತ ಹೋದ: ಮಿಲಿಬಾರಿನ ಹತ್ತರಲ್ಲಿ ಮೂರು ಪಾಲು, ಮೂರು, ಎರಡೂವರೆ, ಮೂರು. ಹತ್ತೂ ಬಿದ್ದುಹೋಗಿದ್ದವು. ಅತಿಥಿ ತನ್ನ ಫೈಲಿನಲ್ಲಿದ್ದ ಒಂದು ಹಾಳೆಯ ಮೇಲೆ ಕೈ ಇಟ್ಟುಕೊಂಡಿದ್ದವನು ಕೈ ತೆಗೆಯಲಿಲ್ಲ. ಹಿಂದಿನ ಮೂರು ದೇಶಗಳಲ್ಲಿ ಸಂಚಾರಿ ಮಾಪಕ ಸರಿಯಾಗಿಯೇ ಹೊಂದಿದೆ, ಹಾಗಾದರೆ ದೋಷ ಈ ಊರಿನದ್ದೇ ಎಂದು ಯಾರೋ ಹೇಳಿದರು, ಮರ್ಯಾದೆಯಿಂದಲೇ. ನಿರ್ದೇಶಕರ ಮುಖ ಇಳಿಯಿತು. ಅವನು ಎದ್ದು ನಿಂತ. ತುಟಿಯಲ್ಲಿ ಸವೆದ ಆ ವಾಕ್ಯಗಳು ಒಂದೂ ಬರಲಿಲ್ಲ. ಬಂದದ್ದು ವರದಿಯ ಮಾತು. "ವೀಕ್ಷಕನ ಕ್ರಮದೋಷ. ಈ ಮಹನೀಯರು ಹತ್ತು ಸಲವೂ ಪಾದರಸ ಮೊದಲು ಓದಿದ್ರು, ಥರ್ಮಾಮೀಟರ್ ಆಮೇಲೆ ಓದಿದ್ರು. ನಾನು ನೋಡಿದ್ದೀನಿ. ಒಂಬತ್ತು ವರ್ಷದ ಹಿಂದೆ ನಾನು ಮಾಡದೇ ಇದ್ದದ್ದನ್ನ ಇವತ್ತು ಇವರು ಮಾಡಿದ್ದಾರೆ."

ಎಲ್ಲರೂ ಅತಿಥಿಯ ಕಡೆ ತಿರುಗಿದರು. ಈ ಕ್ಷಣವನ್ನೇ ಅವನು ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆಮನೆಯಲ್ಲಿ ಸಾವಿರ ಸಲ ನೋಡಿದ್ದ. ಆ ಮನುಷ್ಯ ಕೆಂಪಾಗುವುದು, ತೊದಲುವುದು, ಅಲ್ಲಗಳೆಯುವುದು, ಮೇಜು ಗುದ್ದುವುದು. ಅತಿಥಿ ಒಂದು ಗಳಿಗೆ ತನ್ನ ಬಲಗೈಯನ್ನು ನೋಡಿಕೊಂಡ, ಅದು ಏನು ಮಾಡಿತೆಂದು ಅದನ್ನೇ ಕೇಳುವವನಂತೆ. "ಹೌದು" ಎಂದ. "ಅವರು ಹೇಳ್ತಿರೋದು ನಿಜ. ಥರ್ಮಾಮೀಟರ್ ಯಾವಾಗಲೂ ನನ್ನ ಸಹಾಯಕಿ ಓದ್ತಿದ್ಲು. ಇವತ್ತು ನಾನು ಕೊನೇಲಿ ಓದಿದೆ. ತಪ್ಪು ನಂದು, ಹಾಗೇ ಬರ್ಕೊಳ್ಳಿ." ಗುಮಾಸ್ತ ಬರೆದುಕೊಂಡ. ಇಷ್ಟೇ. ಒಂದು ಲೋಟ ನೀರು ಕೇಳುವಷ್ಟು ಸಲೀಸಾಗಿ ಹೇಳಿಬಿಟ್ಟ. ಅಧ್ಯಕ್ಷಿಣಿ ಹಣೆಯ ಮೇಲಿನ ಕನ್ನಡಕವನ್ನು ಕೊನೆಗೂ ಕಂಡುಕೊಂಡು ಕೆಳಗಿಳಿಸಿ ಅವನನ್ನು ನೋಡಿದಳು. ಶಾಲೆಯ ಹುಡುಗನನ್ನು ಕೇಳುವಂತೆ ಮೆತ್ತಗೆ ಕೇಳಿದಳು: "ನೀವು ಇದನ್ನ ಎಷ್ಟನೇ ಸಲ ಗಮನಿಸಿದ್ರಿ?"

ಕೊನೆಯದರಲ್ಲಿ ಎನ್ನಬಹುದಿತ್ತು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಅಂಕಿಗಳ ವಿಷಯದಲ್ಲಂತೂ ಇಲ್ಲವೇ ಇಲ್ಲ. "ಮೊದಲನೇದರಲ್ಲೇ."

"ಮತ್ತೆ ಹತ್ತನೇದರ ತನಕ ಸುಮ್ಮನೆ ನಿಂತಿದ್ರಾ?"

ಯಾರೋ ಕುರ್ಚಿ ಸರಿಸಿದರು. ನಿರ್ದೇಶಕರು, "ಒಲೆಯವರೇ, ಕೂತ್ಕೊಳ್ಳಿ" ಎಂದರು, ಈ ಸಲ ಪ್ರೀತಿಯಿರಲಿಲ್ಲ. ಅವನು ಕೂರಲಿಲ್ಲ. "ಹೌದು, ನಿಂತಿದ್ದೆ" ಎಂದ. ಅಧ್ಯಕ್ಷಿಣಿ ಇನ್ನೇನೂ ಕೇಳದೆ ಗುಮಾಸ್ತನಿಗೆ ಹೇಳಿ ಬರೆಸಿದಳು: ಹೋಲಿಕೆ ನಡೆದಿಲ್ಲವೆಂದು ಭಾವಿಸತಕ್ಕದ್ದು, ಈ ಕೇಂದ್ರದ ಮಾಪಕ ಮುಂದಿನ ಸುತ್ತಿನವರೆಗೆ ಪರಿಶೀಲನೆಯಾಗದ್ದು, ಅದರ ಒತ್ತಡದ ಅಂಕಿಗಳನ್ನು ಜಂಟಿ ಎಚ್ಚರಿಕೆಗೆ ಬಳಸತಕ್ಕದ್ದಲ್ಲ. ಹಿಂದಿನ ವರದಿಯ ತಿದ್ದುಪಡಿ ಮಂಡನೆಯಾಗಲಿಲ್ಲ. ಅತಿಥಿ ಆ ಹಾಳೆಯನ್ನು ಫೈಲಿನ ಕೆಳಗಿನ ಕಾಗದಗಳ ಅಡಿಗೆ ಸರಿಸಿದ್ದನ್ನು ಅವನು ನೋಡಿದ.

ನಾಲ್ಕು ಗಂಟೆಗೆ ಸಂಚಾರಿ ಮಾಪಕವನ್ನು ಕೊಕ್ಕೆಯಿಂದ ಇಳಿಸಬೇಕಿತ್ತು. ಅದನ್ನು ಒಬ್ಬರೇ ಇಳಿಸುವಂತಿಲ್ಲ. ಒಬ್ಬರು ಬುಡ ಹಿಡಿಯಬೇಕು, ಇನ್ನೊಬ್ಬರು ತಿರುಪು ಬಿಗಿಮಾಡಿ, ಕೊಳವೆ ತುಂಬಿದ ಮೇಲೆ ನಿಧಾನವಾಗಿ ತಲೆಕೆಳಗು ಮಾಡಬೇಕು. ಬೇರೆ ಯಾರಿಗೂ ಆ ಕೆಲಸ ಬರುತ್ತಿರಲಿಲ್ಲ, ಅವನೇ ಹೋದ. ಪಾದರಸ ಮೇಲೇರಿ ಗಾಜಿಗೆ ತಾಗುವ ಸಣ್ಣ ಟಿಕ್ ಸದ್ದಿಗೆ ಇಬ್ಬರೂ ಕಿವಿಗೊಟ್ಟರು. ಸದ್ದು ಬಂತು. ಇಬ್ಬರೂ ಕೂಡಿ ಅದನ್ನು ತಿರುಗಿಸಿದರು, ಎಳೆಮಗುವನ್ನು ಮಗ್ಗುಲು ಬದಲಿಸುವ ಹಾಗೆ. ಚೀಲದ ಪಟ್ಟಿ ಬಿಗಿಯುತ್ತ ಅತಿಥಿ ತಲೆಯೆತ್ತದೆ, "ಚಹಾ ಆದ್ಮೇಲಾದ್ರೂ ಹೇಳಬಹುದಿತ್ತು" ಎಂದ.

"ಹೇಳಬಹುದಿತ್ತು."

"ನನಗೋಸ್ಕರ ಬೇಡ. ನಿಮಗೋಸ್ಕರ."

"ಆವತ್ತು ಸುತ್ತು ಹಾಕೋಕೆ ಮುಂಚೆ ನೀವು ಒಂದು ಫೋನ್ ಮಾಡಿ ಕೇಳಬಹುದಿತ್ತು" ಎಂದ ಅವನು. "ಇನ್ನೊಂದು ಸಲ ಓದಪ್ಪಾ ಅಂತ. ನೇರ ಲೈನ್ ಇತ್ತು. ನಾನು ಅದರ ಪಕ್ಕದಲ್ಲೇ ಕೂತಿದ್ದೆ, ಬೆಳಿಗ್ಗೆ ಪೂರ್ತಿ."

ಅತಿಥಿ ಪಟ್ಟಿಯ ಕೊನೆಯ ರಂಧ್ರಕ್ಕೆ ಮುಳ್ಳು ತೂರಿಸಿದ. "ಕೇಳಬಹುದಿತ್ತು" ಎಂದ. ಚೀಲ ಹೆಗಲಿಗೇರಿಸಿಕೊಂಡು, ಒಂದು ಕೈಯಿಂದ ಅದರ ಬುಡ ಆನಿಸಿಕೊಂಡು, ಬಣ್ಣ ಆರದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಹೋದ.

ಅವನು ಖಾಲಿ ಕೊಕ್ಕೆಯ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದ. ಐದೂವರೆಯ ಓದು ಓದಬೇಕಿತ್ತು. ಇನ್ನು ಮೇಲೆ ಅದನ್ನು ಯಾರೂ ಬಳಸುವುದಿಲ್ಲ, ಆದರೂ ಓದಬೇಕಿತ್ತು. ಸಿಕ್ಕಿದ್ದು ಇಷ್ಟು: ಆ ಮನುಷ್ಯ ಐದು ದೇಶದವರ ಎದುರು ತಪ್ಪು ನನ್ನದು ಎಂದ, ಅದು ನಡವಳಿಯಲ್ಲಿ ದಾಖಲಾಯಿತು. ಹೋದದ್ದು ಇಷ್ಟು: ಅವನ ಹೆಸರಿನ ಎದುರಿಗಿದ್ದ ಸಾಲು ಹಾಗೆಯೇ ಉಳಿಯಿತು, ಅದನ್ನು ಅಳಿಸಲು ಬಂದಿದ್ದ ಒಬ್ಬನೇ ಒಬ್ಬ ಇನ್ನು ಬರುವುದಿಲ್ಲ, ಮುಂದಿನ ಸುತ್ತು ಹತ್ತು ವರ್ಷಕ್ಕೆ, ಅವನ ನಿವೃತ್ತಿ ಎರಡು ವರ್ಷಕ್ಕೆ. ಅಲ್ಲಿಯವರೆಗೆ ಈ ಕರಾವಳಿಗೆ ಗಾಳಿ ಬಂದರೆ ಅದರ ಒತ್ತಡ ಐದು ದೇಶಗಳ ನಕ್ಷೆಯಲ್ಲಿ ಇರುವುದಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಮತ್ತೆ ಅದೇ ಕೋಣೆಗೆ ಕಳಿಸಿದರೆ ಏನು ಮಾಡುತ್ತಿದ್ದೆ ಎಂದು ತನ್ನನ್ನೇ ಕೇಳಿಕೊಂಡ. ಸುಮ್ಮನೆ ನಿಲ್ಲುತ್ತಿದ್ದೆ ಎಂಬ ಉತ್ತರ ತಡವಿಲ್ಲದೆ ಬಂತು, ಅದಕ್ಕೆ ಅವನಿಗೆ ನಾಚಿಕೆಯಾಗಲಿಲ್ಲ, ಸಮಾಧಾನವೂ ಆಗಲಿಲ್ಲ.